ಯಾವ ಆಯ್ತು?

ನಾನು ಅವರನ್ನು ಮೊದಲು ನೋಡಿದ್ದು ಒಂದು ಸೋಮವಾರ ಬೆಳಿಗ್ಗೆ, ಆಫೀಸಿನ ಮೂರನೇ ಮಹಡಿಯಲ್ಲಿ. ಉದ್ದನೆಯ ಕೋಣೆ. ಒಂದು ಬದಿಗೆ ಸಾಲು ಕಿಟಕಿಗಳು, ಕಿಟಕಿಯಾಚೆ ಪಕ್ಕದ ಕಟ್ಟಡದ ಹಿಂಭಾಗ, ಅದರ ತಾರಸಿಯ ಮೇಲೆ ಕಪ್ಪು ನೀರಿನ ಟ್ಯಾಂಕು. ಮೂಲೆಯ ಏಸಿಯ ಕೆಳಗೆ ಯಾರೋ ನೀಲಿ ಬಕೆಟ್ ಇಟ್ಟಿದ್ದರು. ಅದಕ್ಕೆ ತೊಟ್ಟಿಕ್ಕುವ ನೀರು ಮತ್ತು ಕೀಬೋರ್ಡುಗಳು ಬಿಟ್ಟರೆ ಬೇರೆ ಸದ್ದಿಲ್ಲ. ನನಗೆ ಅದು ಮೊದಲ ಕೆಲಸದ ಮೊದಲ ದಿನ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಅಪ್ಪ ಹಳ್ಳಿಗಳಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವವರು. ನನ್ನನ್ನು ಬಸ್ಸು ಹತ್ತಿಸುವಾಗ ಅವರು ಹೇಳಿದ್ದು ಒಂದೇ ಬುದ್ಧಿಮಾತು: "ದೊಡ್ಡೋರು ಏನ್ ಹೇಳಿದ್ರೂ ಆಯ್ತು ಅನ್ನು. ಎದುರು ಮಾತಾಡ್ಬೇಡ."

ಆ ಮೇಡಂ ಬಂದದ್ದು ಬರಿಗಾಲಲ್ಲಿ. ಚಪ್ಪಲಿಯನ್ನು ತಮ್ಮ ಮೇಜಿನ ಕೆಳಗೆ ಬಿಟ್ಟು ಕೋಣೆಯೆಲ್ಲ ಹಾಗೇ ಓಡಾಡುತ್ತಿದ್ದರು. ತಲೆಯ ಮೇಲೊಂದು ಕನ್ನಡಕ, ಕೊರಳಲ್ಲಿ ದಾರಕ್ಕೆ ಕಟ್ಟಿದ ಇನ್ನೊಂದು. ನಲವತ್ತು ದಾಟಿರಬೇಕು. ನನ್ನ ಪರದೆಯ ಕಡೆ ಬಗ್ಗಿ, ಯಾವುದೋ ಬಸ್ ಡಿಪೋದ ಬಿಡಿಭಾಗಗಳ ಲೆಕ್ಕದ ಪುಟವೊಂದನ್ನು ತೋರಿಸಿದರು.

"ಇಲ್ಲಿ ಬಿಡಿಭಾಗದ ನಂಬರ್ ತಪ್ಪು ಹಾಕಿದ್ರೆ ಇದು ಒಪ್ಪಬಾರದು. ಈಗ ಒಪ್ತಾ ಇದೆ. ಸರಿ ಮಾಡಮ್ಮ."

"ಆಯ್ತು ಮೇಡಂ."

ಅವರು ಹೋಗಲಿಲ್ಲ. ಪಕ್ಕದ ಖಾಲಿ ಕುರ್ಚಿ ಎಳೆದು ಕೂತರು.

"ಯಾವ ಆಯ್ತು?"

ನನಗೆ ಅರ್ಥವಾಗಲಿಲ್ಲ.

"ಆಯ್ತು, ಮಾಡ್ತೀನಿ ಅನ್ನೋ ಆಯ್ತಾ? ಆಯ್ತು, ಮುಗೀತು ಅನ್ನೋ ಆಯ್ತಾ? ಇಲ್ಲಾ, ಆಯ್ತು ತಾಯಿ ನೀನು ಮೊದ್ಲು ಇಲ್ಲಿಂದ ಹೊರಡು ಅನ್ನೋ ಆಯ್ತಾ?"

"ಮೂರನೇದು ಮೇಡಂ." ಹೆದರಿಕೆಯಲ್ಲಿ ನಿಜವೇ ಬಾಯಿಂದ ಜಾರಿಬಿಟ್ಟಿತು. ಹಿಂದಿನ ಸಾಲಿನವರು ಕಿಸಕ್ಕನೆ ನಕ್ಕರು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು ನನಗೆ. ಅವರು ಮಾತ್ರ ಮೇಜು ಕುಟ್ಟಿ ನಗುತ್ತಾ ಕೋಣೆಗೆಲ್ಲ ಕೇಳುವಂತೆ ಹೇಳಿದರು: "ನಿಜ ಹೇಳ್ತಾಳೆ ಕಣ್ರೋ! ಇವಳು ನಮ್ಮಲ್ಲೇ ಇರ್ಲಿ."

ಆಫೀಸಿನಲ್ಲಿ ಅವರನ್ನು ಎಲ್ಲರೂ ಅತ್ತೆ ಎನ್ನುತ್ತಿದ್ದರು. ಅವರಿಗೆ ಮದುವೆಯಾಗಿರಲಿಲ್ಲ, ತಮ್ಮನ ಸಂಸಾರದ ಜೊತೆ ಇದ್ದರು. ತಮ್ಮನ ಮಗಳು ಒಮ್ಮೆ ಆಫೀಸಿಗೆ ಫೋನ್ ಮಾಡಿ "ಅತ್ತೆ ಇದ್ದಾರಾ?" ಎಂದು ಕೇಳಿದ್ದೇ ನೆಪ, ಅಂದಿನಿಂದ ಆ ಹೆಸರು ಅಂಟಿಕೊಂಡಿತಂತೆ. ಅವರ ಕೆಲಸದ ರೀತಿಗೂ ಅದು ಹೇಳಿ ಮಾಡಿಸಿದ ಹೆಸರು. ಸೊಸೆ ತೊಳೆದಿಟ್ಟ ಪಾತ್ರೆಯನ್ನು ಅತ್ತೆ ಬೆಳಕಿಗೆ ಹಿಡಿದು ನೋಡುವ ಹಾಗೆ ನಮ್ಮ ಕೆಲಸವನ್ನು ನೋಡುತ್ತಿದ್ದರು. "ಮದುವೆ ಇಲ್ಲದೇನೇ ಇಷ್ಟು ಜನಕ್ಕೆ ಅತ್ತೆ ಆದವಳು ನಾನೊಬ್ಬಳೇ. ಖರ್ಚಿಲ್ಲ, ಸೊಸೆಯಂದಿರ ಕಾಟ ಮಾತ್ರ ಪೂರ್ತಿ" ಎಂದು ತಾವೇ ಹೇಳಿಕೊಳ್ಳುತ್ತಿದ್ದರು.

ಅವರ ಕೆಲಸ ಏನೆಂದು ನಮ್ಮ ಊರಲ್ಲಿ ಯಾರಾದರೂ ಕೇಳಿದರೆ ನಾನು ಮನೆ ಕಟ್ಟಿಸುವ ಮೇಸ್ತ್ರಿಯ ಉದಾಹರಣೆ ಕೊಡುತ್ತಿದ್ದೆ. ಒಂದು ದೊಡ್ಡ ಸಂಸ್ಥೆಯ ಮಾಹಿತಿಯೆಲ್ಲ ಹಳೆಯ ಕಂಪ್ಯೂಟರುಗಳಿಂದ ಹೊಸ ವ್ಯವಸ್ಥೆಗೆ ಬರಬೇಕು. ಬರೆಯುವವರು ಒಬ್ಬರು, ಸಾಗಿಸುವವರು ಒಬ್ಬರು, ಪರೀಕ್ಷಿಸುವವರು ಇನ್ನೊಬ್ಬರು. ಒಬ್ಬರ ಕೆಲಸ ಮುಗಿಯದೆ ಇನ್ನೊಬ್ಬರದು ಶುರುವಾಗದು. ಇವರೆಲ್ಲರನ್ನೂ ಒಂದು ದಿನಾಂಕದ ಕಡೆಗೆ ನಡೆಸಿಕೊಂಡು ಹೋಗುವುದು ಅತ್ತೆಯ ಕೆಲಸ. ಗೋಡೆಯ ಮೇಲೆ ಹಸಿರು, ಹಳದಿ, ಕೆಂಪು ಬಣ್ಣದ ನಕ್ಷೆ ಇರುತ್ತಿತ್ತು. ಮೇಲಿನವರು ಬಂದಾಗ ಅದರ ಮುಂದೆ ನಿಂತು ವಿವರಿಸುತ್ತಿದ್ದರು. ಅವರು ಹೋದ ಮೇಲೆ ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಈ ವಿದ್ಯೆಯ ಬಗ್ಗೆ ಬಂದ ದಪ್ಪ ಪುಸ್ತಕಗಳನ್ನೆಲ್ಲ ಅವರು ಓದಿದ್ದರು, ಪರೀಕ್ಷೆಗಳನ್ನೂ ಪಾಸು ಮಾಡಿದ್ದರು. "ಪುಸ್ತಕದಲ್ಲಿರೋದೆಲ್ಲ ಸರಿನೇ. ಆದ್ರೆ ಪುಸ್ತಕಕ್ಕೆ ಕಿವಿ ಇಲ್ಲ" ಎನ್ನುತ್ತಿದ್ದರು.

ಅವರಿಗಿದ್ದ ಕಿವಿ ಒಂದೇ ದಿನದಲ್ಲಿ ಬಂದದ್ದಲ್ಲ. ಮೊದಮೊದಲು ಅವರು ಕೆಲಸ ಮಾಡಿದ ಯೋಜನೆಯೊಂದು ಮುಳುಗಿಯೇ ಹೋಗಿತ್ತಂತೆ. ಪ್ರತಿ ಸಭೆಯಲ್ಲೂ ಎಲ್ಲರೂ ಆಯ್ತು ಎಂದವರೇ. ಕೊನೆಗೆ ನೋಡಿದರೆ ಅರ್ಧ ಜನ 'ಮುಗೀತು' ಎಂದಿದ್ದರು, ಇನ್ನರ್ಧ ಜನ 'ಕೇಳಿಸಿಕೊಂಡೆ' ಎಂದಿದ್ದರು. ಅಲ್ಲಿಂದ ಮುಂದೆ ಅವರು ಆ ಪದವನ್ನು ಬೆನ್ನು ಹತ್ತಿದರು. ಫೋನಿನಲ್ಲಿ ಹೇಳಿದ ಆಯ್ತನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಎದ್ದು ಹೋಗಿ ಆ ಮನುಷ್ಯನ ಪಕ್ಕದಲ್ಲಿ ಕೂರುತ್ತಿದ್ದರು. "ಆಯ್ತಾಯ್ತು" ಎಂದು ಎರಡು ಸಲ ಅಂದವನು ಇನ್ನೂ ಕೈಯೇ ಹಚ್ಚಿಲ್ಲ. "ಹ್ಞಾಂ, ಆಯ್ತು" ಎಂದು ಎಳೆದವನಿಗೆ ಕೆಲಸವೇ ಅರ್ಥವಾಗಿಲ್ಲ, ಕೇಳಲು ನಾಚಿಕೆ. ಎಲ್ಲಕ್ಕಿಂತ ಅವರು ಹೆದರುತ್ತಿದ್ದದ್ದು "ಆಯ್ತು ಬಿಡಿ" ಎಂಬುದಕ್ಕೆ. "ಅದು ಕೈಚೆಲ್ಲಿದವನ ಮಾತು ಕಣೇ. ಅದು ಕೇಳಿಸಿದ್ರೆ ಮಾಡ್ತಿರೋ ಕೆಲಸ ಎಲ್ಲಾ ಬಿಟ್ಟು ಅವನ ಹತ್ರ ಹೋಗ್ಬೇಕು" ಎಂದು ನನಗೆ ಹೇಳಿಕೊಟ್ಟಿದ್ದರು.

ಇದನ್ನು ಅವರಿಗೆ ಹೆಚ್ಚಾಗಿ ಕಲಿಸಿದವನು ನಮ್ಮ ಗುಮ್ಮಣ್ಣ. ಹಳೆಯ ಮಾಹಿತಿಯನ್ನು ಹೊಸ ವ್ಯವಸ್ಥೆಗೆ ಸಾಗಿಸುವ ಕೆಲಸ ಅವನದು. ಗೋಡೆಗೆ ಮುಖ ಮಾಡಿ ಗುಮ್ಮನ ಹಾಗೆ ಕೂರುತ್ತಿದ್ದದ್ದರಿಂದ ಆ ಹೆಸರು. ಆಗಲ್ಲ ಎನ್ನುವ ಮಾತು ಅವನ ನಾಲಿಗೆಗೆ ಒಗ್ಗುತ್ತಲೇ ಇರಲಿಲ್ಲ. ಅತ್ತೆ ಅವನ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು, "ಗುಮ್ಮಣ್ಣ, ಬಾಯಿ ಬಿಟ್ರೆ ಏನೂ ಉದುರೋಗಲ್ಲ, ಹೇಳು" ಎನ್ನುವರು. ಅವನು ಬಹಳ ಹೊತ್ತಿನ ಮೇಲೆ ಒಂದು ಬೆರಳಿಂದ ಪರದೆಯ ಮೇಲೊಂದು ಜಾಗ ತೋರಿಸುವನು. ಅಷ್ಟರಿಂದಲೇ ಅವರಿಗೆ ಎಲ್ಲ ತಿಳಿದುಹೋಗುವುದು. ಅವನಿಗೆ ಇನ್ನಷ್ಟು ದಿನ ಸಿಗುವುದು. ನಾವು ತಮಾಷೆ ಮಾಡುತ್ತಿದ್ದೆವು: ಗುಮ್ಮಣ್ಣನಿಗೆ ಬಾಯಿಯ ಅಗತ್ಯವೇ ಇಲ್ಲ, ಅತ್ತೆ ಇದ್ದಾರಲ್ಲ ಎಂದು.

ಆಮೇಲೆ ಆಸ್ಪತ್ರೆಯ ಕೆಲಸ ಬಂತು. ಮೂರು ಆಸ್ಪತ್ರೆಗಳು ಒಂದಾಗಿದ್ದವು. ಮೂರರ ರೋಗಿಗಳ ದಾಖಲೆಗಳನ್ನೂ ಒಂದೇ ವ್ಯವಸ್ಥೆಯಲ್ಲಿ ಕೂಡಿಸಬೇಕಿತ್ತು. ಅತ್ತೆ ನನ್ನನ್ನು ಕರೆದುಕೊಂಡು ವಾರ್ಡುಗಳಲ್ಲಿ ಓಡಾಡಿದರು. ಅಲ್ಲಿ ರೋಗಿಯನ್ನು ಮನೆಗೆ ಕಳಿಸುವ ವಿಷಯದಲ್ಲಿ ದಿನವೂ ಜಗಳ. ವಾರ್ಡಿನ ನರ್ಸು ಡಿಸ್ಚಾರ್ಜ್ ಆಯ್ತು ಎನ್ನುವಳು, ಬಿಲ್ಲಿನ ಕೌಂಟರಿನವನು ಇನ್ನೂ ಆಗಿಲ್ಲ ಎನ್ನುವನು, ಹೊಸ ರೋಗಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡ ಆಯಾ ನಡುವೆ ನಿಂತು ಇಬ್ಬರನ್ನೂ ಬೈಯುವಳು.

"ಆಯ್ತು ಅಂತ ಹೇಳಿ ಗಂಟೆ ಆಯ್ತು, ಮಂಚದ ಮೇಲೆ ಆ ಯಜಮಾನ್ರು ಇನ್ನೂ ಪೇಪರ್ ಓದ್ತಾ ಕೂತವ್ರೆ! ಇವ್ರನ್ನ ಅವ್ರ ತೊಡೆ ಮೇಲೆ ಕೂರಿಸ್ಲಾ?"

ಅತ್ತೆಯ ಕಿವಿ ನೆಟ್ಟಗಾಯಿತು. ಮೂವರನ್ನೂ ಒಂದು ಬೆಂಚಿನ ಮೇಲೆ ಕೂರಿಸಿ ತಮ್ಮ ಹಳೇ ಪ್ರಶ್ನೆ ಕೇಳಿದರು. ನರ್ಸಿನ ಆಯ್ತು ಎಂದರೆ ಡಾಕ್ಟರು ಸಹಿ ಹಾಕಿದರು ಎಂದು. ಕೌಂಟರಿನವನದು ಬಿಲ್ಲು ಚುಕ್ತಾ ಆಯಿತು ಎಂದು. ಆಯಾಳದು ಮಂಚ ಖಾಲಿಯಾಗಿ ಚಾದರ ಬದಲಾಯಿತು ಎಂದು. ಹಳೆಯ ವ್ಯವಸ್ಥೆಯಲ್ಲಿ ಇವೆಲ್ಲಕ್ಕೂ ಪರದೆಯ ಮೇಲೆ ಒತ್ತಲು ಒಂದೇ ಗುಂಡಿ. ನಮ್ಮದರಲ್ಲಿ ಅತ್ತೆ ಮೂರು ಗುಂಡಿ ಮಾಡಿಸಿದರು. ಜಗಳ ನಿಂತಿತು. ಅತ್ತೆಯನ್ನು ಕಂಡಾಗಲೆಲ್ಲ ಆಯಾ, "ಬಂದ್ರಾ ಗುಂಡಿಯಮ್ಮ" ಎನ್ನುತ್ತಿದ್ದಳು. ಆ ದಿನಗಳಲ್ಲಿ ಅತ್ತೆ ತುಂಬ ಗೆಲುವಾಗಿದ್ದರು.

ಉಳಿದದ್ದು ಒಂದೇ ಹೆಸರಿನವರ ತೊಡಕು. ಒಂದೇ ಹೆಸರು, ಹೆಚ್ಚುಕಡಿಮೆ ಒಂದೇ ವಯಸ್ಸು, ಒಂದೇ ಬಡಾವಣೆ: ಇವರು ಎರಡು ಆಸ್ಪತ್ರೆಗೆ ಹೋದ ಒಬ್ಬರೇ ಮನುಷ್ಯರೋ, ಬೇರೆ ಬೇರೆ ಇಬ್ಬರೋ? ಸಂಶಯ ಬಂದ ಇಂಥ ಜೋಡಿಗಳನ್ನು ಗುಮ್ಮಣ್ಣ ಹಳೆಯ ಕಡತಗಳನ್ನು ಮುಂದಿಟ್ಟುಕೊಂಡು ಕಣ್ಣಾರೆ ನೋಡಿ ತೀರ್ಮಾನಿಸಬೇಕಿತ್ತು. ಇಬ್ಬರು ಬೇರೆ ಎಂದು ಅವನು ಗುರುತು ಹಾಕಿದರೆ ಬೇರೆಯಾಗಿಯೇ ಉಳಿಯುತ್ತಾರೆ. ಗುರುತು ಹಾಕದವರನ್ನು, ಹೊಸ ವ್ಯವಸ್ಥೆ ಶುರುವಾದ ದಿನ, ಯಂತ್ರ ತಾನೇ ಒಬ್ಬರನ್ನಾಗಿ ಕೂಡಿಸುತ್ತದೆ. ಕೆಲಸ ಎಣಿಸಿದ್ದಕ್ಕಿಂತ ನಿಧಾನವಾಯಿತು. ಕಡತಗಳ ಅಕ್ಷರಗಳು ಮಾಸಿದ್ದವು. ಗುಮ್ಮಣ್ಣ ತಲೆ ಎತ್ತದೆ ಕೂತಿದ್ದ.

ಅದೇ ಹೊತ್ತಿಗೆ ನಮ್ಮ ಆಫೀಸಿನ ಮೇಲೂ ಕತ್ತಿ ತೂಗುತ್ತಿತ್ತು. ಹೊಸ ಡೈರೆಕ್ಟರು ಬಂದಿದ್ದರು. ಆಸ್ಪತ್ರೆಯ ಕೆಲಸ ಹೇಳಿದ ದಿನಕ್ಕೆ ಶುರುವಾದರೆ ನಮ್ಮ ತಂಡ ಹೀಗೇ ಉಳಿಯುತ್ತದೆ, ಮುಂದಿನ ದೊಡ್ಡ ಕೆಲಸವೂ ನಮಗೇ. ತಪ್ಪಿದರೆ ಒಬ್ಬೊಬ್ಬರನ್ನು ಒಂದೊಂದು ಶಾಖೆಗೆ ಹಂಚುತ್ತೇವೆ ಎಂದಿದ್ದರು. ಇದು ಅತ್ತೆಯ ನಿದ್ದೆ ಕೆಡಿಸಿತು. ಆ ತಂಡವನ್ನು ಅವರು ಒಬ್ಬೊಬ್ಬರನ್ನೇ ಆರಿಸಿ, ಬೈದು, ಊಟಕ್ಕೆ ಕೂರಿಸಿ, ವರ್ಷಗಟ್ಟಲೆ ಕಟ್ಟಿದ್ದರು. ಒಂದು ಮಧ್ಯಾಹ್ನ ಡಬ್ಬಿ ಬಿಚ್ಚುತ್ತಾ ನನಗೆ ಹೇಳಿದರು: "ನಂಗೆ ಇನ್ನೊಂದ್ಸಲ ಇಂಥದ್ದು ಕಟ್ಟೋಕಾಗಲ್ಲ ಕಣೇ. ಹೊಸಬರ ಆಯ್ತು ಎಲ್ಲಾ ಮೊದಲಿಂದ ಕಲೀಬೇಕು."

ಕೊನೆಯ ಸಭೆ ಗಾಜಿನ ಕೋಣೆಯಲ್ಲಿ ನಡೆಯಿತು. ಡೈರೆಕ್ಟರು ನಡುವೆ ಕೂತಿದ್ದರು, ಆಸ್ಪತ್ರೆಯ ಕಡೆಯವರು ಎದುರಿಗೆ. ಒಂದೊಂದೇ ಕೆಲಸದ ಹೆಸರು ಓದಿ ಡೈರೆಕ್ಟರು ಕೇಳುತ್ತಾ ಹೋದರು. ಔಷಧಿ ವಿಭಾಗ? ಆಯ್ತು ಸರ್. ಲ್ಯಾಬು? ಆಯ್ತು ಸರ್. ನನ್ನದು ಬಂದಾಗ ನಾನೂ ಹೇಳಿದೆ. ನನ್ನದು ನಿಜವಾಗಿಯೂ ಮುಗಿದಿತ್ತು.

"ಒಂದೇ ಹೆಸರಿನವರದು?"

ಗುಮ್ಮಣ್ಣ ಮೇಜಿನ ಅಂಚನ್ನು ಉಗುರಿಂದ ಕೆರೆಯುತ್ತಿದ್ದ.

"ಸರ್, ಇನ್ನೊಂಚೂರು..."

"ಇನ್ನೊಂಚೂರು ಅಂದ್ರೆ? ಹೋದ ವಾರಾನೂ ಅದನ್ನೇ ಹೇಳಿದ್ರಿ. ಇವತ್ತು ಇಲ್ಲಿ ಎಲ್ಲರೂ ಕೂತಿದ್ದೀವಿ. ಆಯ್ತಾ, ಇಲ್ವಾ?"

ಗುಮ್ಮಣ್ಣ ಒಮ್ಮೆ ಅತ್ತೆಯ ಕಡೆ ನೋಡಿದ. ಆಮೇಲೆ ಹೇಳಿದ: "ಆಯ್ತು ಬಿಡಿ ಸರ್."

"ಗುಡ್" ಎಂದರು ಡೈರೆಕ್ಟರು.

ನಾನು ಅತ್ತೆಯ ಪಕ್ಕದಲ್ಲಿದ್ದೆ. ಅವರು ಬರೆಯುತ್ತಿದ್ದ ಪೆನ್ನು ನಿಂತಿತು. ತಲೆ ಎತ್ತಿದರು. ಗುಮ್ಮಣ್ಣ ಇನ್ನೂ ಅವರನ್ನೇ ನೋಡುತ್ತಿದ್ದ. ಡೈರೆಕ್ಟರು ಮುಂದಿನ ಹೆಸರು ಓದಿಯಾಗಿತ್ತು. ಅತ್ತೆ ಕೊರಳಿನ ಕನ್ನಡಕ ಹಾಕಿಕೊಂಡು ಕಾಗದದ ಕಡೆ ಬಗ್ಗಿದರು. ಎಷ್ಟೋ ದಿನಗಳಿಂದ ಸರಿಯಾಗಿ ನಿದ್ದೆಯಿಲ್ಲ, ಆಯಾಸ ಇರಬೇಕು ಎಂದುಕೊಂಡೆ. ಸಭೆ ಮುಗಿದಾಗ ಎಲ್ಲರೂ ಕೈಕುಲುಕಿದರು. ಅತ್ತೆ ಗುಮ್ಮಣ್ಣನ ಬೆನ್ನ ಹಿಂದೆ ಕುರ್ಚಿ ಹಾಕಲು ಹೋಗಲಿಲ್ಲ.

ಹೊಸ ವ್ಯವಸ್ಥೆ ಹೇಳಿದ ದಿನಕ್ಕೇ ಶುರುವಾಯಿತು. ಹೂಗುಚ್ಛ ಕೊಟ್ಟರು, ಫೋಟೊ ತೆಗೆದರು. ಫೋಟೊದಲ್ಲಿ ಗುಮ್ಮಣ್ಣ ಅಂಚಿನಲ್ಲಿ ನಿಂತಿದ್ದಾನೆ, ಅತ್ತೆ ನಗುತ್ತಿದ್ದಾರೆ.

ಆಮೇಲಿನದು ಬಟ್ಟೆ ಹೊಲಿಯುವ ಹೆಂಗಸೊಬ್ಬರ ಸಂಗತಿ. ಅವರಿಗೆ ಮೂತ್ರಪಿಂಡದ ತೊಂದರೆ ಇತ್ತು. ಅದು ಅವರ ಹಳೆಯ ದಾಖಲೆಯಲ್ಲಿತ್ತು. ಅದೇ ಬಡಾವಣೆಯಲ್ಲಿ ಅದೇ ಹೆಸರಿನ, ಗಟ್ಟಿಮುಟ್ಟಾದ ಇನ್ನೊಬ್ಬರಿದ್ದರು. ಯಂತ್ರ ಇಬ್ಬರನ್ನೂ ಒಬ್ಬರನ್ನಾಗಿ ಕೂಡಿಸಿತ್ತು, ಮೇಲೆ ಕಾಣುತ್ತಿದ್ದದ್ದು ಆ ಇನ್ನೊಬ್ಬರ ರಕ್ತಪರೀಕ್ಷೆ. ಇವರು ಜ್ವರವೆಂದು ಬಂದು ಸೇರಿದಾಗ ಡಾಕ್ಟರು ಪರದೆ ನೋಡಿ, ಎಲ್ಲ ಸರಿಯಿದೆ ಎಂದು ಒಂದು ಇಂಜೆಕ್ಷನ್ನನ್ನು ಪೂರ್ತಿ ಪ್ರಮಾಣದಲ್ಲಿ ಬರೆದರು. ಮೂತ್ರಪಿಂಡ ದುರ್ಬಲವಾದವರಿಗೆ ಅದನ್ನು ಹಾಗೆ ಕೊಡುವಂತಿಲ್ಲ. ಅವರ ಜೀವ ಉಳಿಯಿತು, ಕಿವಿ ಎರಡೂ ಹೋದವು.

ಸುದ್ದಿ ಬಂದ ದಿನ ಗುಮ್ಮಣ್ಣ ಮೆಟ್ಟಿಲ ಮೇಲೆ ಕೂತಿದ್ದ. ಅತ್ತೆ ಇಳಿದು ಹೋಗಿ ಎರಡು ಮೆಟ್ಟಿಲು ಮೇಲೆ ಕೂತರು. ನಾನು ನೀರಿನ ಬಾಟಲಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ.

"ಎಷ್ಟು ಉಳಿದಿತ್ತೋ?" ಎಂದರು ಅತ್ತೆ.

"ಅರ್ಧಕ್ಕಿಂತ ಜಾಸ್ತಿ."

"ನನಗ್ಯಾಕೋ ಹೇಳ್ಲಿಲ್ಲ?"

ಅವನು ಮೊದಲ ಸಲ ಅವರ ಮುಖಕ್ಕೆ ಮುಖ ಕೊಟ್ಟು ಮಾತಾಡಿದ. "ಹೇಳಿದ್ನಲ್ಲ ಅತ್ತೆ. ಆಯ್ತು ಬಿಡಿ ಅಂದೆ. ನಿಮಗೆ ಗೊತ್ತಾಗುತ್ತೆ ಅಂದ್ಕೊಂಡೆ. ಆಮೇಲೆ ನೀವು ಬರ್ಲಿಲ್ಲ. ಬರ್ಲಿಲ್ಲ ಅಂದ್ರೆ ಏನೋ ಬೇರೆ ಏರ್ಪಾಡು ಮಾಡಿರ್ತೀರಿ ಅಂದ್ಕೊಂಡೆ."

ಅತ್ತೆ ಅವನ ಬೆನ್ನ ಮೇಲೆ ಕೈ ಇಟ್ಟು ಕೂತರು.

ವಿಚಾರಣೆಗೆ ಒಂದು ಸಮಿತಿ ಕೂತಿತು. ಸಭೆಯ ವರದಿಯಲ್ಲಿ ಒಂದೇ ಹೆಸರಿನವರ ಕೆಲಸ 'ಪೂರ್ಣಗೊಂಡಿದೆ' ಎಂದು ಬರೆದಿತ್ತು. ಆಯ್ತು ಅಂದಿರಾ ಎಂದು ಕೇಳಿದ್ದಕ್ಕೆ ಗುಮ್ಮಣ್ಣ ಹೌದು ಎಂದು ತಲೆಯಾಡಿಸಿದ. ಅತ್ತೆ ಎದ್ದು ನಿಂತರು. ಅಂದಿನ ಸಭೆಯಲ್ಲಿದ್ದವರೆಲ್ಲ ಸಾಕ್ಷಿಗೆ ಬರಬೇಕಾದ್ದರಿಂದ ನಾನೂ ಅಲ್ಲಿದ್ದೆ.

"ಸರ್, ಇವನು ಆಯ್ತು ಅನ್ನಲಿಲ್ಲ. ಆಯ್ತು ಬಿಡಿ ಅಂದ. ಅದು ಮುಗೀತು ಅಂತಲ್ಲ. ಆಗಿಲ್ಲ, ಇನ್ನು ನನ್ನ ಕೈಲಿಲ್ಲ ಅಂತ. ಅಲ್ಲಿದ್ದ ದೊಡ್ಡೋರಲ್ಲಿ ಅದು ಗೊತ್ತಿದ್ದೋಳು ನಾನೊಬ್ಬಳೇ. ನಂಗೆ ಕೇಳಿಸ್ತು. ಕೇಳಿಸಿದ ತಕ್ಷಣ ಗೊತ್ತಾಯ್ತು. ಎದ್ದು ನಿಲ್ಲಿಸಿದ್ರೆ ದಿನಾಂಕ ತಪ್ತಿತ್ತು, ತಂಡ ಒಡೀತಿತ್ತು. ಅದಕ್ಕೆ ಕೇಳಿಸದ ಹಾಗೆ ಕೂತೆ. ತಪ್ಪು ನಂದು."

ಸಮಿತಿಯ ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು. "ಮೇಡಂ, ನೀವು ನಿಮ್ಮ ಹುಡುಗರನ್ನ ಮಕ್ಕಳ ಥರ ನೋಡ್ತೀರಿ ಅಂತ ಕೇಳಿದ್ದೆ. ಇವತ್ತು ಕಣ್ಣಾರೆ ನೋಡಿದೆ. ಆದ್ರೆ ಆಯ್ತು ಅಂದ್ರೂ ಒಂದೇ, ಆಯ್ತು ಬಿಡಿ ಅಂದ್ರೂ ಒಂದೇ ಅಲ್ವಾ?"

"ಒಂದೇ ಅಲ್ಲ ಸರ್."

"ಆಯ್ತು ಬಿಡಿ, ಕೂತ್ಕೊಳ್ಳಿ" ಎಂದರು ಅವರು. ಆ ಮಾತಿಗೆ ಕೋಣೆಯಲ್ಲಿ ಒಬ್ಬಿಬ್ಬರು ಸಣ್ಣಗೆ ನಕ್ಕರು. ಅತ್ತೆ ನಿಂತೇ ಇದ್ದರು. ಇಷ್ಟು ವರ್ಷ ನಮ್ಮೆಲ್ಲರನ್ನೂ ದಡ ಮುಟ್ಟಿಸಿದ ಅವರ ತಿಳಿವಳಿಕೆ, ಆ ಕೋಣೆಯಲ್ಲಿ ಒಬ್ಬ ಹೆಂಗಸಿನ ಮರುಕ ಎನ್ನಿಸಿಕೊಂಡಿತು. ನಾನು ಎದ್ದು ಅವರು ಹೇಳಿದ್ದು ನಿಜ ಎಂದೆ. ನನ್ನನ್ನೂ ಕೂರಿಸಿದರು.

ಗುಮ್ಮಣ್ಣನನ್ನು ತೆಗೆದರು. ಅವನು ತನ್ನ ಮಾವನ ಪ್ರಿಂಟಿಂಗ್ ಪ್ರೆಸ್ಸಿಗೆ ಸೇರಿಕೊಂಡ. ದಿನಾಂಕ ಪಾಲಿಸಿದ್ದಕ್ಕಾಗಿ ನಮ್ಮ ತಂಡ ಉಳಿಯಿತು. ಮುಂದಿನ ದೊಡ್ಡ ಕೆಲಸವೂ ಬಂತು. ಗೋಡೆಯ ಕಡೆಯ ಆ ಕುರ್ಚಿಯಲ್ಲಿ ಹೊಸಬ ಬಂದು ಕೂತ. ಅತ್ತೆ ಅವನ ಹೆಸರನ್ನು ಮತ್ತೆ ಮತ್ತೆ ಮರೆಯುತ್ತಿದ್ದರು.

ಒಂದು ಶನಿವಾರ ಅವರು ನನ್ನನ್ನು ಕರೆದುಕೊಂಡು ಆ ಹೊಲಿಗೆಯ ಹೆಂಗಸಿನ ಮನೆಗೆ ಹೋದರು. ಕಿರಿದಾದ ಬೀದಿ, ಬಾಗಿಲಿಗೇ ತಾಗಿ ಹೊಲಿಗೆ ಮಿಷನ್ನು. ಆಕೆ ಕೆಲಸ ನಿಲ್ಲಿಸಿರಲಿಲ್ಲ. ಅಳತೆ ಕೊಡಲು ಬಂದ ಗಿರಾಕಿಯ ತುಟಿಯನ್ನೇ ಎವೆಯಿಕ್ಕದೆ ನೋಡುತ್ತಾ, ತಪ್ಪು ತಿಳಿದು, ಮಗಳ ಕಡೆ ತಿರುಗುತ್ತಿದ್ದರು. ಮಗಳು ಬೆರಳಿನಿಂದ ತೋಳಿನ ಉದ್ದ ತೋರಿಸುತ್ತಿದ್ದಳು.

ಗಿರಾಕಿ ಹೋದ ಮೇಲೆ ಆಕೆ ನಮ್ಮನ್ನು ಮಂಚದ ಮೇಲೆ ಕೂರಿಸಿದರು. ಕಿವಿ ಕೇಳದವರ ಹಾಗೆ ಸ್ವಲ್ಪ ಜೋರಾಗಿಯೇ ಮಾತು. "ನಮ್ಮೆಜಮಾನ್ರು ಬೈಯೋದು ಕೇಳಿಸಲ್ಲ ನೋಡಿ, ಅದೊಂದು ಲಾಭ. ಪಾಪ, ಬೈದೂ ಬೈದೂ ಅವರಿಗೇ ಬೇಜಾರಾಗಿ ಈಗ ಸುಮ್ಮನಾಗಿದಾರೆ." ತಾವೇ ನಕ್ಕರು. ಆಮೇಲೆ, "ಮಿಷನ್ ಸದ್ದು ಕೇಳಿಸ್ದೆ ದಾರ ಕಡಿದಿದ್ದು ಗೊತ್ತಾಗಲ್ಲ. ಅದೊಂದೇ ಕಷ್ಟ" ಎಂದು ಹೊಲಿಗೆ ಬೀಳದ ಬಟ್ಟೆಯ ಮೇಲೆ ಕೈ ಆಡಿಸಿದರು.

ಅತ್ತೆ ಹೇಳಲು ಬಂದದ್ದನ್ನು ಹೇಳಿದರು. ಯಾವುದನ್ನೂ ಬಿಡಲಿಲ್ಲ. ಆಕೆ ಅತ್ತೆಯ ತುಟಿಯನ್ನು ನೋಡುತ್ತಾ ಕೂತರು. ಅತ್ತೆಯ ಮಾತು ತಡವರಿಸುತ್ತಿತ್ತು, ತುಟಿ ಅದುರುತ್ತಿತ್ತು. ಆಕೆಗೆ ಏನೂ ಸಿಗಲಿಲ್ಲ. ಮಗಳ ಕಡೆ ತಿರುಗಿ ಕೇಳಿದರು: "ಏನಂತೆ?"

ಮಗಳಿಗೆ ಎಲ್ಲ ಕೇಳಿಸಿತ್ತು. ಅವಳ ಮುಖ ಬಿಗಿದಿತ್ತು. ಅತ್ತೆಯನ್ನು ನೋಡಿದಳು, ಅಮ್ಮನನ್ನು ನೋಡಿದಳು. ಆಮೇಲೆ ಕೈಸನ್ನೆಯಲ್ಲಿ, ತುಟಿ ಅಗಲಿಸಿ, ಎರಡೇ ಮಾತು ಹೇಳಿದಳು: "ಆಸ್ಪತ್ರೆಯವರು. ವಿಚಾರಿಸೋಕೆ ಬಂದಿದಾರೆ."

"ಅಯ್ಯೋ, ಇಷ್ಟು ದೂರ ಬಂದ್ರಾ? ಪುಣ್ಯಾತ್ಗಿತ್ತಿ!" ಎಂದು ಆಕೆ ಅತ್ತೆಯ ಎರಡೂ ಕೈ ಹಿಡಿದುಕೊಂಡರು.

ಬಾಗಿಲವರೆಗೆ ಬಂದ ಮಗಳು ಅತ್ತೆಗೆ ಮಾತ್ರ ಕೇಳುವಂತೆ ಹೇಳಿದಳು: "ನಿಮ್ಮ ಮನಸ್ಸು ಹಗುರ ಮಾಡ್ಕೊಳ್ಳೋಕೆ ಅಮ್ಮನಿಗ್ಯಾಕೆ ಹೇಳ್ತೀರಿ? ಇನ್ನೊಬ್ಬಳಿಗೆ ಹೀಗಾಗೋದನ್ನ ತಡೀರಿ, ಸಾಕು."

ಹಿಂತಿರುಗುವಾಗ ಬಸ್ಸಿನಲ್ಲಿ, ಇಳಿಯುವ ಮೊದಲು ಅತ್ತೆ ಒಂದೇ ಮಾತು ಹೇಳಿದರು: "ಗೊತ್ತಿಲ್ದೆ ಆಗಿದ್ರೆ ಕಲೀಬಹುದಿತ್ತು ಕಣೇ. ಗೊತ್ತಿದ್ದೂ ಆಯ್ತಲ್ಲ, ಅದಕ್ಕೆ ಏನ್ ಕಲಿಯೋದು?"

ತಿಂಗಳೊಳಗೆ ಅವರು ರಾಜೀನಾಮೆ ಕೊಟ್ಟರು. ಅಷ್ಟು ಕಷ್ಟಪಟ್ಟು ಉಳಿಸಿಕೊಂಡ ತಂಡವನ್ನು ತಾವೇ ಬಿಟ್ಟು ಹೋದರು. ಡೈರೆಕ್ಟರು ತಡೆದರು, ತಮ್ಮ ರೇಗಾಡಿದ, ತಮ್ಮನ ಹೆಂಡತಿ ನನಗೆ ಫೋನ್ ಮಾಡಿ "ಅತ್ತಿಗೆಗೆ ಸ್ವಲ್ಪ ನೀವಾದ್ರೂ ಬುದ್ಧಿ ಹೇಳಿ" ಎಂದರು. ನಾವು ಬೀಳ್ಕೊಡುಗೆಗೆ ತಂದ ಶಾಲನ್ನು ಅವರು ತೆಗೆದುಕೊಳ್ಳಲಿಲ್ಲ. ಅದು ಈಗಲೂ ನನ್ನ ಮೇಜಿನ ಕೆಳಗಿನ ಖಾನೆಯಲ್ಲಿದೆ.

ಅವರು ಈಗ ಅದೇ ಆಸ್ಪತ್ರೆಯ ನೆಲಮಾಳಿಗೆಯ ದಾಖಲೆ ವಿಭಾಗದಲ್ಲಿ ಗುಮಾಸ್ತೆ. ಗುಮ್ಮಣ್ಣ ನೋಡದೆ ಬಾಕಿ ಉಳಿದಿದ್ದ ಜೋಡಿಗಳನ್ನು ಒಂದೊಂದಾಗಿ ತೆಗೆದು, ಯಂತ್ರ ಕೂಡಿಸಿದವರನ್ನು ಬೇರ್ಪಡಿಸುತ್ತಾರೆ. ಕಡತದಿಂದ ತೀರ್ಮಾನವಾಗದಿದ್ದರೆ ವಿಳಾಸ ಬರೆದುಕೊಂಡು ಆ ಮನೆಗೆ ಹೋಗಿ ಕೇಳಿ ಬರುತ್ತಾರೆ.